ಕೈ ಮುಟ್ಟದ ರೊಟ್ಟಿ

ಗೋಪಮ್ಮನ ಕೆಲಸಕ್ಕೆ ಕುತ್ತು ಬಂದದ್ದು ಅವಳದೇ ರೊಟ್ಟಿಯಿಂದ. ಬೇರೆ ಯಾರ ಮೇಲೂ ಗೂಬೆ ಕೂರಿಸುವಂತಿರಲಿಲ್ಲ. ತಾನೇ ನಾದಿದಳು, ತಾನೇ ಬಡಿದಳು, ತಾನೇ ಬೇಯಿಸಿದಳು. ಆ ರೊಟ್ಟಿ ಉಂಡವರು ತೇಗಿ, ಕೈ ತೊಳೆದು, ಅವಳ ಹೊಟ್ಟೆಯ ಮೇಲೆ ಹೊಡೆದು ಹೋದರು.

ದೇವದುರ್ಗದ ಬಾಲಕಿಯರ ಹಾಸ್ಟೆಲಿನಲ್ಲಿ ಅವಳು ಹನ್ನೆರಡು ವರ್ಷದಿಂದ ಅಡುಗೆಯವಳು. ಹೊರಗುತ್ತಿಗೆಯ ಕೆಲಸ. ನೂರಾ ಇಪ್ಪತ್ತು ಹುಡುಗಿಯರು, ನಾಲ್ವರು ಅಡುಗೆಯವರು. ಹುಡುಗಿಯರ ಅಪ್ಪ ಅವ್ವಂದಿರು ಸುಗ್ಗಿ ಮುಗಿದ ಕೂಡಲೇ ಬೆಂಗಳೂರಿಗೋ ಪುಣೆಗೋ ಗಾರೆ ಕೆಲಸಕ್ಕೆ ಹೋಗುವವರು. ಮಕ್ಕಳನ್ನು ಬಿಟ್ಟುಹೋಗುವಾಗ ಅವ್ವಂದಿರು ವಾರ್ಡನ್ನನ ಮುಂದೆ ಕೈ ಮುಗಿಯುತ್ತಿರಲಿಲ್ಲ, ಅಡುಗೆಮನೆಗೆ ಬಂದು ಗೋಪಮ್ಮನ ಕೈ ಹಿಡಿಯುತ್ತಿದ್ದರು. ‘ಯಕ್ಕಾ, ಹೊಟ್ಟಿ ತುಂಬ ಹಾಕು’ ಅನ್ನುತ್ತಿದ್ದರು. ಅಷ್ಟೇ.

ಹೊಟ್ಟೆ ತುಂಬ ಹಾಕುವುದೆಂದರೆ ಈ ಕಡೆ ಜೋಳದ ರೊಟ್ಟಿ. ಅನ್ನ ಉಂಡರೆ ತಾಸೊತ್ತಿಗೆ ಹಸಿವು. ಜೋಳದ ಹಿಟ್ಟಿನ ಗುಣವೇ ಬೇರೆ. ಅದಕ್ಕೆ ಹುಟ್ಟಿನಿಂದ ಜಿಗಿ ಇಲ್ಲ. ಕುದಿಯುವ ಎಸರು ಸುರಿದು, ಆ ಸುಡುವ ಹಿಟ್ಟಿಗೇ ಕೈ ಹಾಕಿ ನಾದಬೇಕು. ಕೈ ಸುಟ್ಟೀತೆಂದು ಕಾದರೆ ಹಿಟ್ಟು ಆರಿತು, ರೊಟ್ಟಿ ಬಿರಿಯಿತು. ಆಮೇಲೆ ಕಲ್ಲಿನ ಮೇಲೆ ಬಡಿಯಬೇಕು, ತಿರುವುತ್ತಾ ಬಡಿಯಬೇಕು, ನಾಲ್ಕು ಬೊಟ್ಟಿನ ಗುರುತು ರೊಟ್ಟಿಯ ಮೈಮೇಲೆ ಉಳಿಯುವಂತೆ. ಹನ್ನೆರಡು ವರ್ಷದಲ್ಲಿ ಗೋಪಮ್ಮನ ಅಂಗೈ ಒಲೆಯ ಕಲ್ಲಿನಂತಾಗಿತ್ತು. ಬಲ ರಟ್ಟೆ ಮಲಗಿದಾಗಲೂ ಮಿಡಿಯುತ್ತಿತ್ತು.

ಹೋದ ದಸರೆಗೆ ಮುಂಚೆ ಹಾಸ್ಟೆಲಿಗೆ ರೊಟ್ಟಿ ಮಷೀನ್ ಬಂತು. ಲಾರಿಯಲ್ಲಿ ಬಂತು, ಹೂವಿನ ಹಾರ ಹಾಕಿಕೊಂಡು ಬಂತು. ಈದ ಎಮ್ಮೆಯಷ್ಟು ದೊಡ್ಡದು. ಕಂಪನಿಯ ಏಜೆಂಟ್ ಗೋಧಿ ಹಿಟ್ಟು ಹಾಕಿ ಹತ್ತು ಚಪಾತಿ ತೆಗೆದು ತೋರಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಹೋದ ಮೇಲೆ ಜೋಳದ ಹಿಟ್ಟು ಹಾಕಿದರೆ ಅದು ಒಂದು ಕಡೆ ನುಚ್ಚು ಉಗುಳಿತು, ಇನ್ನೊಂದು ಕಡೆ ಹೊಗೆ ಬಿಟ್ಟಿತು. ‘ಚಪಾತಿ ಮಷೀನಿಗೆ ಜ್ವಾಳ ಹಾಕಿದ್ರ ಅದೇನ್ ಮಾಡ್ತದ ಪಾಪ’ ಎಂದು ಬೂದೆಮ್ಮ ಅದರ ಮೇಲೆ ಹಳೆಯ ಬ್ಯಾನರ್ ಒಂದನ್ನು ಹೊದಿಸಿದಳು. ಬೂದೆಮ್ಮ ನಾಲ್ವರಲ್ಲಿ ಹಿರಿಯಳು, ಗೋಪಮ್ಮನ ಓಣಿಯವಳೇ. ಆಮೇಲೆ ಮಷೀನಿನ ನೆತ್ತಿಯ ಮೇಲೆ ಉಪ್ಪಿನಕಾಯಿ ಭರಣಿ ಬಂತು. ಕೆಳಗೆ ಬೆಕ್ಕು ಮರಿ ಹಾಕಿತು. ಸರಕಾರದ ಖರ್ಚು ಒಂದು ಬೆಕ್ಕಿಗಾದರೂ ಉಪಯೋಗವಾಯಿತು.

ಇಷ್ಟರಲ್ಲಿ ನಾಡಿನ ತುಂಬ ದುಂದುವೆಚ್ಚದ ಮಾತು ಎದ್ದಿತ್ತು. ಟಿವಿಯಲ್ಲಿ ಅದೇ, ಪೇಪರಿನಲ್ಲಿ ಅದೇ, ಚಹಾದಂಗಡಿಯಲ್ಲಿ ಅದೇ. ಸರಕಾರ ಬೇಡದ ಖರ್ಚು ಕಡಿಯಬೇಕು. ಸರಿಯೇ, ಕಡಿಯಬೇಕು. ಬೇಡದ್ದು ಯಾವುದು ಎಂದು ಹೇಳುವವರು ಮಾತ್ರ ಯಾವಾಗಲೂ ಹೊಟ್ಟೆ ತುಂಬಿದವರು. ಕೊಡಲಿ ಅವರ ಕೈಯಲ್ಲಿ, ಗಿಡ ನಮ್ಮದು.

ಡಿಸೆಂಬರಿನಲ್ಲಿ ರಾಯಚೂರಿನಿಂದ ಪರಿಶೀಲನೆಗೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ವಾರ್ಡನ್ ಶೇಖರ ಅಡುಗೆಮನೆಗೆ ಓಡಿ ಬಂದ.

‘ಯಕ್ಕಾ, ಮಷೀನ್ ನಡೆಯೂದಿಲ್ಲ ಅಂತ ನಾ ಮ್ಯಾಲಕ ಬರದೇ ಇಲ್ಲ. ಈಗ ಗೊತ್ತಾದ್ರ ನನ್ನ ಸಸ್ಪೆಂಡ್ ಮಾಡ್ತಾರ. ನೀವು ನಸುಕಿನ್ಯಾಗ ರೊಟ್ಟಿ ಬಡದು ಮಷೀನಿನ ಹಿಂದ ತಾಟಿನ್ಯಾಗ ಇಟ್ಬಿಡ್ರಿ. ಇದೊಂದ್ ಸಲ.’

ಶೇಖರ ಅವರ ಕೇರಿಯ ಹುಡುಗ. ಅವನ ಅವ್ವ ಮತ್ತು ಗೋಪಮ್ಮ ಮಾನ್ವಿ ಕಡೆಯ ಕಾಲುವೆ ಹೊಲಗಳಲ್ಲಿ ಒಂದೇ ಸಾಲಿನಲ್ಲಿ ನಿಂತು ಭತ್ತ ನಾಟಿ ಮಾಡಿದವರು. ಇಡೀ ಕೇರಿಯಿಂದ ಕುರ್ಚಿಯ ಮೇಲೆ ಕೂತವನು ಇವನೊಬ್ಬ. ಅವನ ಕುರ್ಚಿ ಅಲುಗಿದರೆ ಕೇರಿಯೇ ಅಲುಗಿದಂತೆ ಎಂದು ಗೋಪಮ್ಮ ಬಗೆದಳು. ಮೇಲಾಗಿ ಮನೆಗೆ ಬಂದವರು ಉಣ್ಣದೆ ಹೋಗಬಾರದು, ಮನೆಯ ಹುಳುಕು ಬಂದವರಿಗೆ ಕಾಣಬಾರದು ಎಂದು ಅವಳಿಗೆ ಅವ್ವ ಕಲಿಸಿದ್ದಳು. ಬಡವರಿಗೆ ಮಾತ್ರ ಕಲಿಸುವ ಪಾಠ ಇದು. ಅವಳು ಬಡಿದಳು.

ಸಾಹೇಬರು ಬಂದರು. ಶೇಖರ ಬಟನ್ ಒತ್ತಿದ. ಮಷೀನು ಗುರ್ ಅಂದಿತು. ಬಟ್ಟೆ ಸುತ್ತಿ ಬಿಸಿ ಉಳಿಸಿದ್ದ ರೊಟ್ಟಿ ಹಿಂದಿನ ತಾಟಿನಿಂದ ಒಂದೊಂದಾಗಿ ಬಂದವು. ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ದೊಡ್ಡ ಸಾಹೇಬರು ನಾಲ್ಕು ರೊಟ್ಟಿ ಉಂಡು ಇನ್ನೊಂದು ಕೇಳಿದರು. ಆ ರೊಟ್ಟಿಯನ್ನು ಬೆಳಕಿಗೆ ಹಿಡಿದು ಪಕ್ಕದವರಿಗೆ ತೋರಿಸಿದರು.

‘ನೋಡ್ರಿ. ಕೈ ಮುಟ್ಟದ ರೊಟ್ಟಿ! ಎಷ್ಟು ಸ್ವಚ್ಛ.’

ಅವರು ಹಿಡಿದ ರೊಟ್ಟಿಯ ಮೇಲೆ ನಾಲ್ಕು ಬೊಟ್ಟಿನ ಗುರುತು ಎದ್ದು ಕಾಣುತ್ತಿತ್ತು. ಬಾಗಿಲ ಹಿಂದೆ ನಿಂತಿದ್ದ ಗೋಪಮ್ಮ ತನ್ನ ಬೊಟ್ಟುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಎಸರಿನ ಉರಿ ಇನ್ನೂ ಆರಿರಲಿಲ್ಲ.

ಅವಳಿಗೆ ಹಳೆಯ ಮಾತೊಂದು ನೆನಪಾಯಿತು. ಹಾಸ್ಟೆಲಿಗೆ ಬರುವ ಮುಂಚೆ ತನ್ನೂರಿನ ಶಾಲೆಯಲ್ಲಿ ಬಿಸಿಯೂಟ ಮಾಡಲು ಅವಳನ್ನು ಹಚ್ಚಿದ್ದರು. ಒಂಬತ್ತು ದಿನ ಮಾಡಿದಳು. ಒಂಬತ್ತೂ ದಿನ ಊರೊಳಗಿನ ಮಕ್ಕಳು ತಾಟು ಬೋರಲು ಹಾಕಿ ಎದ್ದು ಹೋದರು. ಹತ್ತನೆಯ ದಿನ ಅವಳನ್ನೇ ಬಿಡಿಸಿದರು. ಆಗ ಮುಟ್ಟಿದಳು ಎಂದು ಉಣ್ಣಲಿಲ್ಲ. ಈಗ ಮುಟ್ಟಿಲ್ಲ ಎಂದು ಉಂಡರು. ಎರಡೂ ಸಲ ಅಡುಗೆ ಅವಳದೇ.

ಸಂಕ್ರಾಂತಿ ಕಳೆದು ಆದೇಶ ಬಂತು. ಮಷೀನ್ ಇರುವ ಹಾಸ್ಟೆಲುಗಳಲ್ಲಿ ನಾಲ್ವರು ಅಡುಗೆಯವರು ದುಂದುವೆಚ್ಚ. ಒಬ್ಬರು ಸಾಕು. ದೇವದುರ್ಗದಲ್ಲಿ ಮಷೀನ್ ಉತ್ತಮವಾಗಿ ನಡೆಯುತ್ತಿರುವುದನ್ನು ಸಮಿತಿ ಕಣ್ಣಾರೆ ಕಂಡಿದೆ. ಮಾನ್ವಿಯಲ್ಲಿ ತಕ್ಷಣ ಜಾರಿ. ದೇವದುರ್ಗದಲ್ಲಿ ಏಪ್ರಿಲಿನಿಂದ.

ಮಾನ್ವಿ ಎಂದ ಕೂಡಲೇ ಗೋಪಮ್ಮ ಅದನ್ನು ಇನ್ನೊಮ್ಮೆ ಓದಿಸಿದಳು. ಅಲ್ಲಿಯ ಹಾಸ್ಟೆಲಿನಲ್ಲಿ ಅವಳ ತಂಗಿಯ ಮಗಳು ಸವಿತಾ ಅಡುಗೆಯವಳು. ಗಂಡ ಬಿಟ್ಟವಳು. ಆ ಕೆಲಸಕ್ಕೆ ಹಚ್ಚಿದವಳೂ ಗೋಪಮ್ಮನೇ. ಭಾನುವಾರ ಬಸ್ಸು ಹತ್ತಿ ಮಾನ್ವಿಗೆ ಹೋದಳು. ಸವಿತಾ ಸಿಕ್ಕಿದ್ದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ನೆಲಕ್ಕೆ ಬಿದ್ದ ಹತ್ತಿಯನ್ನು ಬಾರಿಗೆಯಿಂದ ಬಳಿಯುತ್ತಿದ್ದಳು. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲಾ ಬಿಳಿ. ಇಪ್ಪತ್ತೆಂಟರ ಹುಡುಗಿ ಮುದುಕಿಯಂತೆ ಕಂಡಳು.

‘ಯಾಕ ಬಂದಿ ದೊಡ್ಡವ್ವಾ?’ ಸವಿತಾ ಬಟ್ಟೆ ಬಿಚ್ಚದೆಯೇ ಕೇಳಿದಳು.

‘ನೋಡಿ ಹೋಗಬೇಕಂತ ಬಂದೆ ಬೇ.’

‘ಒಂದ್ ಮಾತ್ ಕೇಳ್ತೀನಿ, ಖರೇ ಹೇಳು. ನಿಮ್ಮ ಮಷೀನ್ ರೊಟ್ಟಿ ಮಾಡ್ತದಂತಲ್ಲ. ಸಾಹೇಬ್ರು ಉಂಡು ಬಂದಾರಂತಲ್ಲ. ನಮ್ದು ಯಾಕ ಮಾಡವಲ್ದು? ನಮಗ ನಡಸಾಕ ಬರೂದಿಲ್ಲ ಅಂತ ಬೈದು ಹೊರಗ ಹಾಕಿದ್ರು. ಈಗ ಉಳದಾಕಿ ಒಬ್ಬಾಕೀನೇ. ಮೂರೊತ್ತೂ ಬರೇ ಅನ್ನ ಹಾಕ್ತಾಳ. ಹುಡುಗ್ಯಾರು ಹಸಗೊಂಡು ಮಕ್ಕಂತಾವ.’

ಹೇಳಲೇಬೇಕಿತ್ತು, ಗೋಪಮ್ಮ ಹೇಳಿದಳು. ನಸುಕಿನಲ್ಲಿ ಬಡಿದದ್ದು, ತಾಟಿನಲ್ಲಿ ಇಟ್ಟದ್ದು, ಶೇಖರನ ನೌಕರಿ, ಎಲ್ಲಾ.

ಸವಿತಾ ಅಳಲಿಲ್ಲ. ಬೈಯಲಿಲ್ಲ. ಬಾರಿಗೆ ಕೈಗೆತ್ತಿಕೊಂಡಳು. ‘ಒಬ್ಬ ಗಂಡಸಿನ ನೌಕರಿ ಉಳಸಾಕ ಎಷ್ಟ್ ಮಂದಿ ಹೆಂಗಸರದು ಬೇಕು ದೊಡ್ಡವ್ವಾ?’ ಎಂದಳು. ಮತ್ತೆ ಬಳಿಯತೊಡಗಿದಳು.

ದೇವದುರ್ಗದ ತನಕ ಬಸ್ಸಿನಲ್ಲಿ ಗೋಪಮ್ಮ ಕಿಟಕಿಗೆ ಹಣೆ ಹಚ್ಚಿಕೊಂಡೇ ಕುಳಿತಳು. ಸಿಟ್ಟು ಬಂತು. ಸಾಹೇಬರ ಮೇಲೆ ಬಂತು, ಶೇಖರನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ತನ್ನ ಕೈಗಳ ಮೇಲೆ ಬಂತು.

ಮಾರ್ಚಿನ ಮೊದಲ ವಾರ ಶೇಖರ ಮತ್ತೆ ಅಡುಗೆಮನೆಗೆ ಬಂದ. ಈ ಸಲ ಓಡಿ ಬರಲಿಲ್ಲ, ಮೆತ್ತಗೆ ಬಂದ. ರಾಯಚೂರಿನಲ್ಲಿ ದೊಡ್ಡ ಸಭೆ. ‘ದುಂದುವೆಚ್ಚಕ್ಕೆ ಕಡಿವಾಣ: ಸಾರ್ವಜನಿಕ ಸಂವಾದ’. ಉಳಿತಾಯ ಹೇಗೆ ಮಾಡಬೇಕೆಂದು ತೋರಿಸಲು ದೇವದುರ್ಗದ ಮಷೀನ್ ಲಾರಿಯಲ್ಲಿ ಅಲ್ಲಿಗೆ ಹೋಗಬೇಕು. ಮಧ್ಯಾಹ್ನ ಎಲ್ಲರ ಮುಂದೆ ಸಾಹೇಬರು ಬಟನ್ ಒತ್ತುತ್ತಾರೆ. ಬಂದವರಿಗೆಲ್ಲ ಅದೇ ರೊಟ್ಟಿಯ ಊಟ.

‘ನೀವು ನಾಕೂ ಮಂದಿ ಬರಬೇಕ್ ಯಕ್ಕಾ. ಪರದೆ ಹಿಂದ ಬಡಿಯೂದು. ಹಿಟ್ಟು ನಮ್ಮ ಸ್ಟಾಕಿನ್ಯಾಗಿಂದ ಎರಡು ಚೀಲ ಒಯ್ಯೂದು.’

‘ಹುಡುಗ್ಯಾರ ಹಿಟ್ಟು?’

‘ಆಮ್ಯಾಲ ಹೊಂದಸ್ತೀನಿ.’ ಅವನು ಸುತ್ತ ನೋಡಿ ದನಿ ಇಳಿಸಿದ. ‘ಏಪ್ರಿಲಿನಿಂದ ಉಳಿಯೋ ಒಂದು ಪೋಸ್ಟ್ ನಿನಗ ಅಂತ ಸಾಹೇಬ್ರು ಬಾಯಿಬಿಟ್ಟು ಹೇಳ್ಯಾರ. ಇದೊಂದ್ ಸಲ.’

ಬೂದೆಮ್ಮ ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದಳು. ಅವನು ಹೋದ ಮೇಲೆ ತಲೆ ಎತ್ತದೆ ಹೇಳಿದಳು: ‘ಒಪ್ಪಿಕೋ ಬೇ ಗೋಪಿ. ನಾಕೂ ಮಂದಿ ಮುಳುಗೂಕಿಂತ ನೀನಾರ ದಂಡಿ ಸೇರು.’

ಗೋಪಮ್ಮ ಲಾರಿ ಹತ್ತಿದಳು. ಹೊಟ್ಟೆ ಅನ್ನುವುದು ಎಂಥವರನ್ನೂ ಲಾರಿ ಹತ್ತಿಸುತ್ತದೆ.

ರಾಯಚೂರಿನ ಬಿಸಿಲು ಬೆಳಗಿನಿಂದಲೇ ನೆತ್ತಿ ಸುಡುತ್ತಿತ್ತು. ಸಭೆ ನಡೆಯುವ ಭವನದೊಳಗೆ ತಂಪು ಗಾಳಿಯ ಯಂತ್ರಗಳು. ಬಾಗಿಲಿಂದ ವೇದಿಕೆಯ ತನಕ ಚೆಂಡುಹೂವು. ಕೆಂಪು ಜಮಖಾನೆ, ಬಂದವರಿಗೆಲ್ಲ ಶಾಲು, ಗಾಜಿನ ಸ್ಮರಣಿಕೆ. ಖರ್ಚು ಕಡಿಮೆ ಮಾಡುವುದು ಹೇಗೆಂದು ಮಾತಾಡಲು ಇಷ್ಟು ಖರ್ಚು ಬೇಕಾಗುತ್ತದೆಂದು ಆ ನಾಲ್ವರು ಹೆಂಗಸರಿಗೆ ಅವತ್ತೇ ತಿಳಿದದ್ದು. ಅವರನ್ನು ಭವನದ ಹಿಂದೆ, ಕಕ್ಕಸಿನ ಗೋಡೆಯ ಬದಿಯ ತಗಡಿನ ಕೆಳಗೆ ಕೂರಿಸಿದರು. ನಡುವೆ ಒಂದು ಹಸಿರು ಪರದೆ. ಪರದೆಯ ಆಚೆ ಹೊಸ ಜಮಖಾನೆಯ ಮೇಲೆ ಮಷೀನು, ಮತ್ತೆ ಹಾರ ಹಾಕಿಕೊಂಡು.

ಒಲೆ ಹೂಡಿದರು. ಎಸರಿಟ್ಟರು. ಒಳಗಿನ ಮಾತು ಲೌಡ್‌ಸ್ಪೀಕರಿನಲ್ಲಿ ಹೊರಗೂ ಕೇಳುತ್ತಿತ್ತು.

‘ಪುಕ್ಕಟೆ ಕೊಟ್ಟೂ ಕೊಟ್ಟೂ ಜನರು ಸೋಮಾರಿಗಳಾಗಿದ್ದಾರೆ’ ಎಂದರು ನಿವೃತ್ತ ಪ್ರೊಫೆಸರ್ ಒಬ್ಬರು.

ಬೂದೆಮ್ಮ ಉರಿ ಊದುತ್ತಿದ್ದವಳು ಕೊಳವೆ ಕೆಳಗಿಟ್ಟಳು. ‘ಯಾರಬೇ ಆ ಸೋಮಾರಿಗೋಳು? ನಮ್ಮ ಕಡೀಯವರೇನು? ನಾ ಅಂತೂ ಕಂಡಿಲ್ಲ.’

ಅಕ್ಕಿ ಗಿರಣಿಯ ಮಾಲೀಕರೊಬ್ಬರು ಎದ್ದರು. ಒಂದು ರೊಟ್ಟಿಗೆ ನಾಲ್ಕು ಜನ ಯಾಕೆ, ಖಾಸಗಿಯವರಾದರೆ ಹೀಗೆ ಮಾಡುತ್ತಾರೆಯೇ, ತೆರಿಗೆ ಕಟ್ಟುವವರು ನಾವು ಎಂದರು. ಜೋರು ಚಪ್ಪಾಳೆ. ಆಮೇಲೆ ದೊಡ್ಡ ಸಾಹೇಬರ ದನಿ ಬಂತು. ಗೋಪಮ್ಮ ಆ ದನಿಯನ್ನು ಮರೆತಿರಲಿಲ್ಲ.

‘ದೇವದುರ್ಗದ ಮಾದರಿಯನ್ನು ಊಟದ ಹೊತ್ತಿಗೆ ನೀವು ಕಣ್ಣಾರೆ ನೋಡಲಿದ್ದೀರಿ. ಉಳಿತಾಯಕ್ಕೆ ಉಳಿತಾಯ, ಶುಚಿಗೆ ಶುಚಿ. ಹಿಟ್ಟಿನಿಂದ ತಟ್ಟೆಯ ತನಕ ಒಬ್ಬರ ಕೈಯೂ ಮುಟ್ಟುವುದಿಲ್ಲ!’

ಗೋಪಮ್ಮ ಪರಾತದಲ್ಲಿ ಹಿಟ್ಟು ಸುರಿದು ನಡುವೆ ಗುಳಿ ಮಾಡಿದ್ದಳು. ಎಸರು ಕುದಿಯುತ್ತಿತ್ತು. ಕೈ ನಿಂತಿತು. ಅವಳು ಕೈಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡಳು. ಬೂದೆಮ್ಮ ಅವಳನ್ನು ನೋಡಿದಳು. ಉಳಿದಿಬ್ಬರೂ ನೋಡಿದರು. ಒಬ್ಬರಾದ ಮೇಲೊಬ್ಬರು ಬಡಿಯುವ ಕಲ್ಲಿನಿಂದ ಹಿಂದೆ ಸರಿದು ಕುಳಿತರು.

ತಾಸು ಕಳೆದು ಶೇಖರ ಪರದೆ ಸರಿಸಿದ. ‘ಯಕ್ಕಾ, ಹೊತ್ತಾತು! ಒಂದೂ ಬಡದಿಲ್ಲೇನು?’

‘ಬಡಿಯಂಗಿಲ್ಲ.’

‘ಏನಂದಿ?’

‘ಬಡಿಯಂಗಿಲ್ಲ ಅಂದೆ. ಮಷೀನ್ ಬಡಿತದಂತಲ್ಲ, ಬಡೀಲಿ.’

ಶೇಖರ ಅವಳೆದುರು ಕುಕ್ಕರಗಾಲಿನಲ್ಲಿ ಕುಳಿತ. ‘ನಾ ಸಾಯ್ತೀನಿ ಯಕ್ಕಾ. ನನ್ನ ನೌಕರಿ ಹೋಗ್ತದ. ನಾವೆಲ್ಲ ಒಂದ ಕೇರಿಯವರಲ್ಲೇನು?’

‘ಒಂದ ಕೇರಿ ಅಂತನ ಅವತ್ತ ಬಡದೆ. ಅದಕ ಸವಿತಾ ಹತ್ತಿ ಬಳಿಯಾಕತ್ಯಾಳ. ಕೇರಿ ಅಂದ್ರ ನೀ ಒಬ್ಬನ ಏನಪಾ? ಈ ಬೂದೆಮ್ಮ ಯಾವ ಕೇರಿ?’

‘ನಿನಗ ಪೋಸ್ಟ್ ಕೊಡ್ತೀನಂದಾರ...’

‘ನೂರಾ ಇಪ್ಪತ್ತು ಹುಡುಗ್ಯಾರಿಗೆ ಒಬ್ಬಾಕಿ ಬಡದು ನೋಡು. ಮೂರು ದಿನಕ್ಕ ರಟ್ಟಿ ಬಿದ್ದು ಹೋಗ್ತದ. ಆಮ್ಯಾಲ ನಾನೂ ಅನ್ನ ಹಾಕಾಕ ಹತ್ತೀನಿ. ಆ ಪೋಸ್ಟ್ ನನಗ ಬ್ಯಾಡ. ಏಳು, ಹಿಟ್ಟು ಒಯ್ದು ನಿನ್ನ ಎಮ್ಮಿಗೆ ಹಾಕು.’

ಒಳಗಿನ ಜನ ಹೊರಗೆ ಬರತೊಡಗಿದ್ದರು. ಶೇಖರ ಪರಾತ ಎತ್ತಿಕೊಂಡು ಹೋಗಿ, ಮಷೀನಿನ ಬಳಿ ನಿಂತಿದ್ದ ಕಂಪನಿಯ ಏಜೆಂಟನ ಕೈಗಿತ್ತ. ಏಜೆಂಟ್ ನೀರು ಬೆರೆಸಿ ಹಿಟ್ಟನ್ನು ಮಷೀನಿನ ಬಾಯಿಗೆ ತುರುಕಿದ. ಸಾಹೇಬರು ನಗುತ್ತ ಬಟನ್ ಒತ್ತಿದರು. ಜನರ ಮೊಬೈಲುಗಳು ಮೇಲೆದ್ದವು.

ಮಷೀನು ಗುರ್ ಅಂದಿತು. ಮೊದಲು ಒಂದು ತುಂಡು ಬಂತು. ಆಮೇಲೆ ನುಚ್ಚು ಬಂತು. ಹೊಸ ಜಮಖಾನೆಯ ಮೇಲೆ ಹಸಿ ಹಿಟ್ಟು, ಸುಟ್ಟ ಹಿಟ್ಟು ಕೂಡಿಯೇ ಉದುರಿದವು. ಕಮಟು ಹೊಗೆ ಎದ್ದಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಏಜೆಂಟ್ ಗುಂಡಿ ತಿರುವಿದ, ಒದೆಯೊಂದು ಕೊಟ್ಟ. ಮಷೀನು ಇನ್ನಷ್ಟು ಉಗುಳಿತು.

‘ಚಿಕ್ಕ ತಾಂತ್ರಿಕ ದೋಷ’ ಎಂದರು ಸಾಹೇಬರು. ಪರದೆಯ ಸಂದಿಯಲ್ಲಿ ಕೂತಿದ್ದ ಗೋಪಮ್ಮ ಅವರ ಕಣ್ಣಿಗೆ ಬಿದ್ದಳು. ಅವತ್ತು ಬಾಗಿಲ ಹಿಂದೆ ಕಂಡವಳೆಂದು ಗುರುತು ಹಿಡಿದರು. ‘ಏನಮ್ಮಾ, ನೀನು ದೇವದುರ್ಗದವಳಲ್ಲವೇ? ಅವತ್ತು ಚೆನ್ನಾಗಿ ಬಂದಿತ್ತಲ್ಲ?’

ಗೋಪಮ್ಮ ಎದ್ದು ಪರದೆಯಿಂದ ಈಚೆ ಬಂದಳು. ಅಷ್ಟು ಜನರ ಮುಂದೆ ಅವಳು ಹುಟ್ಟಿದಾಗಿನಿಂದ ನಿಂತವಳಲ್ಲ.

‘ಅವತ್ತ ಮಷೀನ್ ಮಾಡಿದ್ದಲ್ರೀ ಸಾಹೇಬ್ರ. ನಾ ಬಡದಿದ್ದೆ, ಈ ಕೈಲೆ. ನಸುಕಿನ್ಯಾಗ ಬಡದು ಹಿಂದ ಇಟ್ಟಿದ್ದೆ. ಸುಳ್ಳು ಆಡಿದ್ದು ನನ್ನ ತಪ್ಪು. ನೀವು ನಾಕು ಉಂಡು ಇನ್ನೊಂದು ಬೇಡಿದ್ರಿ. ಐದಕ್ಕೂ ಈ ಕೈ ಮುಟ್ಟ್ಯಾವ. ನಾವು ಕೇರಿಯವರ್ರೀ. ಈಗ ಏನ್ ಮಾಡ್ತೀರಿ?’

ಅವಳು ಎರಡೂ ಅಂಗೈ ಚಾಚಿದಳು. ಸಾಹೇಬರ ಕೈ ತಾನಾಗಿಯೇ ಜೇಬಿಗೆ ಹೋಯಿತು, ಕರವಸ್ತ್ರ ತೆಗೆಯಿತು, ಬಾಯಿ ಒರೆಸಿತು. ಮೂರು ತಿಂಗಳ ಹಿಂದೆ ಉಂಡ ರೊಟ್ಟಿಯನ್ನು ಅವರು ಆಗ ಒರೆಸಿಕೊಂಡರು. ಗೋಪಮ್ಮ ಅದನ್ನು ನೋಡಿದಳು. ಅವಳೊಳಗೆ ಉಳಿದಿದ್ದ ಚೂರುಪಾರು ಅಂಜಿಕೆಯೂ ಅಲ್ಲಿಗೆ ಸತ್ತಿತು.

‘ಆಯಿತು, ಆಯಿತು’ ಎಂದು ನಡುವೆ ಬಂದವರು ಗಿರಣಿ ಮಾಲೀಕರು. ‘ಊಟದ ಹೊತ್ತು ಮೀರಿದೆ. ಹೇಗೂ ಬಂದಿದ್ದೀರಿ, ಈಗಲಾದರೂ ನಾಲ್ಕು ನಾಲ್ಕು ಬಡಿದು ಹಾಕಿ.’

‘ಒಂದು ರೊಟ್ಟಿಗೆ ನಾಕು ಮಂದಿ ದುಂದು ಅಂದವರು ನೀವ ಅಲ್ಲೇನ್ರೀ? ದುಂದು ಮಾಡಬ್ಯಾಡ್ರಿ. ಅನ್ನ ತರಿಸಿಕೊಂಡು ಉಣ್ರಿ.’

ಅವಳು ಹಿಂದೆ ಬಂದು ಕುದಿಯುವ ಎಸರನ್ನು ಒಲೆಗೆ ಸುರಿದಳು. ಬೆಂಕಿ ಭುಸ್ಸೆಂದು ಸತ್ತಿತು. ಬೂದೆಮ್ಮ ಅಷ್ಟರಲ್ಲಿ ಹಿಟ್ಟಿನ ಚೀಲಗಳ ಬಾಯಿ ಕಟ್ಟಿದ್ದಳು. ಶೇಖರ ಅಡ್ಡ ಬಂದ.

‘ಚೀಲ ಎಲ್ಲಿಗಿ?’

‘ಹುಡುಗ್ಯಾರ ಹಿಟ್ಟಪಾ ಇದು. ಸಂಜಿಗಿ ಅವು ಏನ್ ಉಣಬೇಕು?’

ಇಬ್ಬರು ಚೀಲ ಹೊತ್ತರು, ಇಬ್ಬರು ಕಲ್ಲು ಹೊತ್ತರು. ದಾರಿಯಲ್ಲಿ ಹೆಗಲು ಬದಲಿಸುತ್ತ ಬಸ್ ಸ್ಟ್ಯಾಂಡ್ ಮುಟ್ಟಿದರು. ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೆ ಲಗೇಜ್ ಚೀಟಿ ಹರಿಯುತ್ತೇನೆಂದು ಗದರಿದ. ಬೂದೆಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಅವನು ಮುಂದಿನ ಸೀಟಿಗೆ ಹೋದ.

ಅವತ್ತು ಸಂಜೆ ಹಾಸ್ಟೆಲಿನಲ್ಲಿ ರೊಟ್ಟಿ ಬಡಿದರು. ಹುಡುಗಿಯರಿಗೆ ಸುದ್ದಿ ಆಗಲೇ ಮೊಬೈಲಿನಲ್ಲಿ ಮುಟ್ಟಿತ್ತು. ಪಿಯುಸಿಯ ವಿಶಾಖಾ ತಾಟು ಹಿಡಿದು ಬಂದಳು. ತನ್ನ ರೊಟ್ಟಿಯ ಮೇಲಿನ ಬೊಟ್ಟಿನ ಗುರುತನ್ನು ನೋಡಿ, ಗೋಪಮ್ಮನ ಕೈ ನೋಡಿ, ಮುರಿದು ಉಂಡಳು.

ಮರುದಿನ ಬೆಳಿಗ್ಗೆ ಶೇಖರ ಗೇಟಿನಲ್ಲಿ ನಿಂತಿದ್ದ. ಕೈಯಲ್ಲಿ ಕಾಗದ. ಅಡುಗೆಯವರ ಅಸಹಕಾರದಿಂದ ಪ್ರದರ್ಶನ ವಿಫಲವಾದ ಕಾರಣ, ಮಷೀನ್ ಇರುವುದರಿಂದ, ನಾಲ್ವರೂ ಬೇಡ. ಏಪ್ರಿಲ್ ತನಕವೂ ಕಾಯುವುದಿಲ್ಲ, ಇವತ್ತಿನಿಂದಲೇ. ಅವನು ಕಾಗದ ಚಾಚಿದ. ಕಣ್ಣು ಎತ್ತಲಿಲ್ಲ.

‘ಮಷೀನ್ ಎಲ್ಲ್ಯದಪಾ?’ ಗೋಪಮ್ಮ ಕೇಳಿದಳು.

‘ರಾಯಚೂರಾಗ ಅದ. ರಿಪೇರಿಗೆ ಬಿಟ್ಟಾರ.’

‘ಹಂಗಾರ ಇವತ್ತ ರೊಟ್ಟಿ ಯಾರು ಬಡೀತಾರ?’

ಅವನ ಹಿಂದೆ ಅಂಗಳದಲ್ಲಿ ಹುಡುಗಿಯರು ಖಾಲಿ ತಾಟು ಹಿಡಿದು ಸಾಲು ನಿಂತಿದ್ದರು. ಯಾವುದೋ ಒಂದು ತಾಟು ನೆಲಕ್ಕೆ ಬಡಿಯಿತು. ಆಮೇಲೆ ಇನ್ನೊಂದು. ಆಮೇಲೆ ನೂರಾ ಇಪ್ಪತ್ತೂ ಬಡಿಯತೊಡಗಿದವು.

ಗೋಪಮ್ಮ ಆ ಕಾಗದ ಮುಟ್ಟಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಗೇಟು ತಳ್ಳಿದಳು. ಹಿಂದೆಯೇ ಬೂದೆಮ್ಮ, ಅವಳ ಹಿಂದೆ ಇನ್ನಿಬ್ಬರು.

‘ಬರಕೋ ಶೇಖರಾ’ ಎಂದಳು ಗೋಪಮ್ಮ. ‘ನಾಕು ದುಂದುವೆಚ್ಚ ಒಳಗ ಹೋದ್ವು ಅಂತ ಬರಕೋ. ಮ್ಯಾಲಕ ಕಳಸು.’

ಮಷೀನ್ ನಿಂತಿದ್ದ ಜಾಗ ಖಾಲಿ ಇತ್ತು. ಬೆಕ್ಕಿನ ಮರಿಗಳನ್ನು ಆಚೆ ಸರಿಸಿ, ಅಲ್ಲಿಯೇ ಕಲ್ಲು ಹಾಕಿ ಕುಳಿತರು. ಎಸರು ಇಟ್ಟರು.